ಓಡಲಾಗದವರಿಗಾಗಿ ಬರೆದ ನಿಯಮ: ಆಸ್ಪತ್ರೆಗಳ ಅಗ್ನಿ ಸುರಕ್ಷತೆಯ ಚರಿತ್ರೆ

ಆಸ್ಪತ್ರೆಗಳ ಅಗ್ನಿ ಸುರಕ್ಷತಾ ನಿಯಮಗಳು ಉಳಿದ ಕಟ್ಟಡಗಳ ನಿಯಮಗಳಿಗಿಂತ ಬೇರೆ ದಾರಿಯಲ್ಲಿ ಬೆಳೆದವು. ಆಸ್ಪತ್ರೆಯಲ್ಲಿ ಮಲಗಿರುವವರು ಎದ್ದು ಓಡಲಾರರು ಎಂಬುದೇ ಇದಕ್ಕೆ ಕಾರಣ. ಚಿತ್ರಮಂದಿರದಲ್ಲೋ ಕಚೇರಿಯಲ್ಲೋ ಬೆಂಕಿ ಬಿದ್ದರೆ ಗಂಟೆ ಬಾರಿಸಬೇಕು, ಬಾಗಿಲು ತೆರೆದಿರಬೇಕು, ಮೆಟ್ಟಿಲು ಅಗಲವಾಗಿರಬೇಕು. ಆಮೇಲಿನ ಕೆಲಸವನ್ನು ಜನರ ಕಾಲುಗಳೇ ಮಾಡುತ್ತವೆ. ವೆಂಟಿಲೇಟರ್‌ನಲ್ಲಿ ಉಸಿರಾಡುತ್ತಿರುವ ಮುದುಕ, ಮುರಿದ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ ಹುಡುಗ, ಶಸ್ತ್ರಚಿಕಿತ್ಸೆಯ ಅರಿವಳಿಕೆಯಲ್ಲಿರುವ ಹೆಂಗಸು, ವಾರ್ಮರ್ ಕೆಳಗಿನ ಎರಡು ದಿನದ ಕೂಸು, ಇವರಲ್ಲಿ ಯಾರಿಗೂ ಆ ಗಂಟೆಯಿಂದ ಪ್ರಯೋಜನವಿಲ್ಲ. ಅವರನ್ನು ಯಾರಾದರೂ ಎತ್ತಿ ಒಯ್ಯಬೇಕು, ಇಲ್ಲವೇ ಅವರು ಇದ್ದಲ್ಲಿಗೆ ಬೆಂಕಿಯೂ ಹೊಗೆಯೂ ಬರದಂತೆ ತಡೆಯಬೇಕು. ನಿಯಮ ಬರೆಯುವವರು ಈ ಎರಡನೆಯ ದಾರಿಯೇ ಮುಖ್ಯವೆಂದು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು, ಬಹಳ ಜೀವಗಳೂ ಹೋದವು.

ಈ ಚರಿತ್ರೆಯನ್ನು ಪ್ಯಾರಿಸ್ಸಿನ ಓತೆಲ್ ದಿಯು ಆಸ್ಪತ್ರೆಯಿಂದ ಆರಂಭಿಸಬಹುದು. ನೋತ್ರ್ ದಾಮ್ ಚರ್ಚಿನ ಪಕ್ಕದಲ್ಲಿ, ಸೇನ್ ನದಿಯ ದಂಡೆಗೆ ಒತ್ತಿಕೊಂಡು ಬೆಳೆದಿದ್ದ ಆ ಹಳೆಯ ಧರ್ಮಾಸ್ಪತ್ರೆಯಲ್ಲಿ ಒಂದೇ ಹಾಸಿಗೆಯ ಮೇಲೆ ನಾಲ್ಕೈದು ರೋಗಿಗಳನ್ನು ಮಲಗಿಸುವುದು ವಾಡಿಕೆಯಾಗಿತ್ತು. 1737ರಲ್ಲಿ ಒಮ್ಮೆ ಸುಟ್ಟಿದ್ದ ಕಟ್ಟಡಕ್ಕೆ 1772ರ ಡಿಸೆಂಬರ್ ಕೊನೆಯಲ್ಲಿ ಮತ್ತೆ ಬೆಂಕಿ ಬಿತ್ತು, ದಿನಗಟ್ಟಲೆ ಉರಿಯಿತು. ಮುಂದೆ ಫ್ರೆಂಚ್ ವಿಜ್ಞಾನ ಅಕಾಡೆಮಿ ಒಂದು ಸಮಿತಿ ರಚಿಸಿತು. ರಸಾಯನಶಾಸ್ತ್ರಜ್ಞ ಲಾವೋಸಿಯೆ, ಗಣಿತಜ್ಞ ಲಾಪ್ಲಾಸ್, ಶಸ್ತ್ರವೈದ್ಯ ಜಾಕ್ ತೆನೋ ಅದರಲ್ಲಿದ್ದರು. ತೆನೋ ಪ್ಯಾರಿಸ್ಸಿನ ಆಸ್ಪತ್ರೆಗಳನ್ನು ವಾರ್ಡು ವಾರ್ಡಾಗಿ ಅಳೆದು, ಎಣಿಸಿ, 1788ರಲ್ಲಿ ತಮ್ಮ ವರದಿಗಳನ್ನು ಪ್ರಕಟಿಸಿದರು. ಒಂದೇ ದೊಡ್ಡ ಕಟ್ಟಡದ ಬದಲು ನಡುವೆ ಬಯಲು ಬಿಟ್ಟು ಬೇರೆ ಬೇರೆ ಮಂಟಪಗಳಾಗಿ ಆಸ್ಪತ್ರೆ ಕಟ್ಟಬೇಕೆಂಬುದು ಆ ಸಮಿತಿಯ ಸಲಹೆ. ಸೋಂಕು ತಡೆಯುವುದು ಅದರ ಮುಖ್ಯ ಉದ್ದೇಶವಾಗಿತ್ತು. ಆದರೂ ಒಂದು ಮಂಟಪಕ್ಕೆ ಬಿದ್ದ ಬೆಂಕಿ ಇನ್ನೊಂದಕ್ಕೆ ದಾಟಲು ಅಷ್ಟೇ ಕಷ್ಟಪಡಬೇಕಿತ್ತು.

ಎಪ್ಪತ್ತು ವರ್ಷಗಳ ನಂತರ, ಕ್ರಿಮಿಯ ಯುದ್ಧದ ಅನುಭವದ ಬೆನ್ನಲ್ಲೇ, ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಪುಸ್ತಕದಲ್ಲಿ ಇದೇ ವಿನ್ಯಾಸವನ್ನು ಎತ್ತಿಹಿಡಿದರು. ಎರಡೂ ಬದಿಗೆ ಎತ್ತರದ ಕಿಟಕಿಗಳು, ಒಂದರೆದುರು ಒಂದು ಹಾಸಿಗೆಗಳು, ಕಟ್ಟಡ ಹೆಚ್ಚೆಂದರೆ ಎರಡು ಅಂತಸ್ತು. ಬ್ರಿಟಿಷ್ ಆಳ್ವಿಕೆಯ ಭಾರತದಲ್ಲಿ ಮತ್ತು ದೇಶೀ ಸಂಸ್ಥಾನಗಳಲ್ಲಿ ಕಟ್ಟಿದ ದೊಡ್ಡ ಆಸ್ಪತ್ರೆಗಳ ಮೇಲೆ ಈ ಚಿಂತನೆಯ ನೆರಳು ದಟ್ಟವಾಗಿದೆ. 1900ರ ಡಿಸೆಂಬರಿನಲ್ಲಿ ವೈಸರಾಯ್ ಕರ್ಜನ್ ಉದ್ಘಾಟಿಸಿದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆ ಕಾಲದ್ದು. ಉದ್ದನೆಯ ವಾರ್ಡು, ಎತ್ತರದ ಚಾವಣಿ, ಜಗಲಿಗೆ ತೆರೆಯುವ ಸಾಲು ಬಾಗಿಲುಗಳಿದ್ದ ಆ ಕಾಲದ ಆಸ್ಪತ್ರೆಗಳಲ್ಲಿ ಹೊಗೆ ಮೇಲೇರಿ ಹೊರಗೆ ಹೋಗುತ್ತಿತ್ತು. ಮಂಚವನ್ನು ನೂಕಿದರೆ ನೇರ ಜಗಲಿ, ಜಗಲಿಯಿಂದ ಅಂಗಳ. ಬೆಂಕಿಯನ್ನು ಎಣಿಸಿ ಮಾಡಿದ ಏರ್ಪಾಡಲ್ಲವಾದರೂ ಅದು ಬೆಂಕಿಯ ವೇಳೆಯಲ್ಲಿ ಕೆಲಸಕ್ಕೆ ಬರುವ ಏರ್ಪಾಡು. ಇಪ್ಪತ್ತನೆಯ ಶತಮಾನದಲ್ಲಿ ಲಿಫ್ಟು, ವಿದ್ಯುತ್ತು, ಹವಾನಿಯಂತ್ರಣ ಬಂದು ಆಸ್ಪತ್ರೆ ಮೇಲಕ್ಕೆ ಬೆಳೆದಾಗ ಈ ರಕ್ಷಣೆ ಕಳೆದುಹೋಯಿತು. ಅದರ ಜಾಗವನ್ನು ಲಿಖಿತ ನಿಯಮ ತುಂಬಬೇಕಾಯಿತು.

ಆ ಲಿಖಿತ ನಿಯಮ ಹೆಚ್ಚಾಗಿ ರೂಪುಗೊಂಡದ್ದು ಅಮೆರಿಕದಲ್ಲಿ. ಅಲ್ಲಿನ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘ 1896ರಲ್ಲಿ ಹುಟ್ಟಿದ್ದು ವಿಮಾ ಕಂಪನಿಗಳ ಆಸಕ್ತಿಯಿಂದ. ಆರಂಭದಲ್ಲಿ ಅದರ ಲಕ್ಷ್ಯವೆಲ್ಲ ಆಸ್ತಿಯ ಮೇಲೆ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಯಲ್ಲಿ 146 ಜನ, ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು, ಸತ್ತ ಬಳಿಕ ಸಂಘ 1913ರಲ್ಲಿ ಜೀವರಕ್ಷಣೆಗೆಂದೇ ಒಂದು ಸಮಿತಿ ಮಾಡಿತು. ಆ ಸಮಿತಿಯ ಕೆಲಸದಿಂದ 1927ರಲ್ಲಿ ಹೊರಬಂದ ಸಂಹಿತೆಯ ಹೆಸರೇ ಕಟ್ಟಡಗಳಿಂದ ಹೊರಹೋಗುವ ದಾರಿಗಳ ಕುರಿತದ್ದಾಗಿತ್ತು. ಮನುಷ್ಯ ಹೊರಗೆ ಓಡುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತ ನಿಯಮ ಅದು. ಕಾರ್ಖಾನೆಗೆ ಸರಿಹೊಂದುತ್ತಿತ್ತು, ಆಸ್ಪತ್ರೆಗೆ ಅರ್ಧ ಮಾತ್ರ.

ಎರಡೇ ವರ್ಷಗಳಲ್ಲಿ, 1929ರ ಮೇ 15ರಂದು, ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ನಡೆದ ದುರಂತದಲ್ಲಿ 123 ಜನ ಸತ್ತರು. ಆ ಕಾಲದ ಎಕ್ಸ್-ರೇ ಫಿಲ್ಮು ನೈಟ್ರೋಸೆಲ್ಯುಲೋಸಿನದು. ಬಿಸಿ ತಗುಲಿದರೆ ಗಾಳಿಯ ಹಂಗಿಲ್ಲದೆ ತಾನಾಗಿ ಸುಡುವ ವಸ್ತು. ಅಂಥ ಫಿಲ್ಮುಗಳನ್ನು ನೆಲಮಾಳಿಗೆಯ ಕೋಣೆಯಲ್ಲಿ ರಾಶಿ ಹಾಕಲಾಗಿತ್ತು. ಅವು ವಿಘಟನೆಗೊಂಡು ಸುಡುವಾಗ ಎದ್ದ ನೈಟ್ರೋಜನ್ ಆಕ್ಸೈಡುಗಳ ಹಳದಿ ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಕಟ್ಟಡದ ಮಹಡಿಗಳಿಗೆಲ್ಲ ಏರಿದವು. ಹೆಚ್ಚಿನವರಿಗೆ ಸುಟ್ಟ ಗಾಯಗಳೇ ಇರಲಿಲ್ಲ. ಆರೋಗ್ಯವಾಗಿದ್ದೇವೆಂದು ಮನೆಗೆ ಹೋದ ಕೆಲವರು ಗಂಟೆಗಳ ನಂತರ ಶ್ವಾಸಕೋಶ ತುಂಬಿಕೊಂಡು ಸತ್ತರು. ಕ್ಲಿನಿಕ್‌ನ ಸ್ಥಾಪಕರಲ್ಲಿ ಒಬ್ಬರಾದ ಡಾ. ಜಾನ್ ಫಿಲಿಪ್ಸ್ ಸಹ ಹಾಗೆಯೇ ತೀರಿಕೊಂಡರು. ಇದಾದ ಮೇಲೆ ಆಸ್ಪತ್ರೆಗಳು ಸುಲಭಕ್ಕೆ ಹೊತ್ತಿಕೊಳ್ಳದ ಅಸಿಟೇಟ್ ಫಿಲ್ಮಿಗೆ ತಿರುಗಿದವು, ಹಳೆಯ ಫಿಲ್ಮು ಶೇಖರಿಸುವ ನಿಯಮ ಬಿಗಿಯಾಯಿತು. ನೆಲಮಾಳಿಗೆಯ ಸರಕು ಮತ್ತು ಮೇಲಕ್ಕೇರುವ ಹೊಗೆ, ಈ ಜೋಡಿ ಎಂಬತ್ತೆರಡು ವರ್ಷಗಳ ನಂತರ ಕೋಲ್ಕತ್ತಾದಲ್ಲಿ ಮತ್ತೆ ಕಾಣಿಸಿಕೊಳ್ಳಲಿತ್ತು.

ಇಲಿನಾಯ್ ರಾಜ್ಯದ ಎಫಿಂಗ್‌ಹ್ಯಾಮ್ ಎಂಬ ಸಣ್ಣ ಊರಿನ ಸೇಂಟ್ ಆಂಥೊನಿ ಆಸ್ಪತ್ರೆ ಸನ್ಯಾಸಿನಿಯರು ನಡೆಸುತ್ತಿದ್ದದ್ದು. 1949ರ ಏಪ್ರಿಲ್ 4ರ ನಡುರಾತ್ರಿಯ ಹೊತ್ತಿಗೆ ಅಲ್ಲಿ ಹೊತ್ತಿದ ಬೆಂಕಿ 70ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಆಗಷ್ಟೇ ಹುಟ್ಟಿದ ಶಿಶುಗಳು ಅವರಲ್ಲಿದ್ದವು. ಅವನ್ನು ಬಿಟ್ಟು ಬರಲೊಪ್ಪದ ನರ್ಸ್ ಅವುಗಳ ಜೊತೆಗೇ ಸತ್ತರು. ಹೊರಗಿನ ಗೋಡೆ ಇಟ್ಟಿಗೆಯದಾಗಿದ್ದರೂ ಒಳಗೆ ಬೆಂಕಿಗೆ ಬೇಕಾದದ್ದೆಲ್ಲ ಇತ್ತು: ಚಾವಣಿಗೆ ನಾರಿನ ಹಲಗೆ, ಗೋಡೆಗೆ ಎಣ್ಣೆಬಟ್ಟೆ, ಮುಚ್ಚುಗೆಯಿಲ್ಲದ ಮೆಟ್ಟಿಲು, ಮಹಡಿಯಿಂದ ಮಹಡಿಗೆ ಇಳಿಯುವ, ಕೊಳೆಬಟ್ಟೆ ಬೀಳಿಸುವ ಕೊಳವೆ. ಸ್ಪ್ರಿಂಕ್ಲರ್ ಇರಲಿಲ್ಲ, ಅಲಾರಂ ಇರಲಿಲ್ಲ. ಮರುವರ್ಷ ಜನವರಿಯಲ್ಲಿ ಅಯೋವಾದ ಡ್ಯಾವನ್‌ಪೋರ್ಟ್‌ನ ಮರ್ಸಿ ಆಸ್ಪತ್ರೆಯ ಮಾನಸಿಕ ರೋಗಿಗಳ ಕಟ್ಟಡ ಸುಟ್ಟು 41 ಜನ ಸತ್ತರು. ಎಷ್ಟು ಬಾಗಿಲುಗಳಿವೆ ಎಂಬ ಲೆಕ್ಕದಷ್ಟೇ ಗೋಡೆಗೆ, ಚಾವಣಿಗೆ ಏನು ಹೊದಿಸಿದೆ ಎಂಬುದನ್ನೂ ತಪಾಸಣೆಯವರು ನೋಡಬೇಕೆಂಬ ಪಾಠ ಈ ಎರಡು ಬೆಂಕಿಗಳಿಂದ ಗಟ್ಟಿಯಾಯಿತು.

ಆದರೆ ಆಸ್ಪತ್ರೆಯ ನಿಯಮಕ್ಕೆ ಅದರ ಈಗಿನ ಆಕಾರ ಬರಲು ಹೆಚ್ಚು ನೆರವಾದದ್ದು ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಆಸ್ಪತ್ರೆಯ ಘಟನೆ. ಅದು ಹಳೆಯ ಮರದ ಕಟ್ಟಡವಲ್ಲ. ಕಾಂಕ್ರೀಟಿನ, ಬೆಂಕಿಗೆ ಜಗ್ಗದ್ದೆಂದು ಹೆಸರಾದ 13 ಅಂತಸ್ತಿನ ಕಟ್ಟಡ. 1961ರ ಡಿಸೆಂಬರ್ 8ರಂದು ಕಸ ಬೀಳಿಸುವ ಕೊಳವೆಯೊಳಗೆ ಹತ್ತಿಕೊಂಡ ಬೆಂಕಿ ಒಂಬತ್ತನೆಯ ಮಹಡಿಯಲ್ಲಿ ಕೊಳವೆಯ ಬಾಗಿಲಿನಿಂದ ಹೊರಸಿಡಿಯಿತು. ಚಾವಣಿಯ ಹೊದಿಕೆಯನ್ನು ಹಿಡಿದು ಕ್ಷಣಗಳಲ್ಲಿ ಕಾರಿಡಾರಿನುದ್ದಕ್ಕೂ ಓಡಿತು. ರೋಗಿಗಳು, ಅವರನ್ನು ನೋಡಲು ಬಂದಿದ್ದವರು, ಸಿಬ್ಬಂದಿ ಸೇರಿ 16 ಜನ ಸತ್ತರು, ಎಲ್ಲರೂ ಆ ಒಂದೇ ಮಹಡಿಯವರು. ತನಿಖೆಯವರು ಆಮೇಲೆ ಆ ಮಹಡಿಯ ಕೋಣೆಗಳನ್ನು ಒಂದೊಂದಾಗಿ ನೋಡಿದಾಗ ಸಾವು ಬದುಕುಗಳನ್ನು ಬೇರ್ಪಡಿಸಿದ್ದು ಕೋಣೆಯ ಬಾಗಿಲೆಂಬುದು ಸ್ಪಷ್ಟವಾಯಿತು. ಬಾಗಿಲು ಮುಚ್ಚಿಕೊಂಡ ಕೋಣೆಗಳಲ್ಲಿ ಜನ ಉಳಿದಿದ್ದರು. ಕಾರಿಡಾರಿನ ಕಡೆ ಇದ್ದಿಲಾಗಿದ್ದ ಬಾಗಿಲು ಒಳಗಿನ ಕಡೆ ಗಟ್ಟಿಯಾಗಿ ನಿಂತು ಬೆಂಕಿಯನ್ನು ತಡೆದಿತ್ತು. ತೆರೆದ ಬಾಗಿಲಿನ ಹಿಂದಿದ್ದವರಿಗೆ ಆ ಅವಕಾಶವಿರಲಿಲ್ಲ.

ಇಷ್ಟು ಸಾಮಾನ್ಯವಾದ ವಸ್ತು ಇಷ್ಟು ದೊಡ್ಡ ಕೆಲಸ ಮಾಡಬಲ್ಲದೆಂದು ಕಂಡ ಮೇಲೆ ಆಸ್ಪತ್ರೆಯ ಬಾಗಿಲು ಸಂಹಿತೆಯ ವಿಷಯವಾಯಿತು. ಬಾಗಿಲು ಎಷ್ಟು ದಪ್ಪವಿರಬೇಕು, ಮುಚ್ಚಿದಾಗ ಚಿಲಕ ತಾನಾಗಿ ಕೂರಬೇಕೆ, ಮಂಚ ಹಾಯಲು ಎಷ್ಟು ಅಗಲ ಬೇಕು ಎಂಬುದೆಲ್ಲ ಬರಹಕ್ಕೆ ಬಂತು. ಬಾಗಿಲು ಮುಚ್ಚದಂತೆ ಕೆಳಗೆ ಮರದ ತುಂಡು ಸಿಕ್ಕಿಸುವುದು, ನರ್ಸುಗಳ ಓಡಾಟಕ್ಕೆ ಅನುಕೂಲವೆಂದು ಹಗ್ಗದಿಂದ ಕಟ್ಟಿಡುವುದು ತಪಾಸಣೆಯಲ್ಲಿ ತಪ್ಪುಗಳಾಗಿ ದಾಖಲಾಗತೊಡಗಿದವು. ಪ್ರತಿ ಮಹಡಿಯನ್ನೂ ಹೊಗೆ ದಾಟದ ಗೋಡೆಯಿಂದ ಕನಿಷ್ಠ ಎರಡು ಭಾಗ ಮಾಡಬೇಕು, ಒಂದು ಭಾಗಕ್ಕೆ ಬೆಂಕಿ ಬಿದ್ದರೆ ರೋಗಿಗಳನ್ನು ಮಂಚ ಸಮೇತ ಅದೇ ಮಹಡಿಯ ಇನ್ನೊಂದು ಭಾಗಕ್ಕೆ ನೂಕಬೇಕು ಎಂಬ ಕ್ರಮ ನೆಲೆಗೊಂಡಿತು. ಮೆಟ್ಟಿಲಿಳಿಸುವುದು ಕೊನೆಯ ಉಪಾಯ. ಬ್ರಿಟನ್ನಿನಲ್ಲೂ ಇದೇ ಅಡ್ಡಡ್ಡ ಸ್ಥಳಾಂತರದ ಕ್ರಮ ಆಸ್ಪತ್ರೆಗಳ ಅಗ್ನಿ ನಿಯಮದ ಬುಡವಾಯಿತು. 1972ರಲ್ಲಿ ಶೆರ್ಬೋರ್ನ್‌ನ ಕೋಲ್ಡ್‌ಹಾರ್ಬರ್ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯರ ವಾರ್ಡು ಸುಟ್ಟು 30 ಜನ ಸತ್ತದ್ದು ಆ ದೇಶದ ಕಣ್ಣು ತೆರೆಸಿದ ಘಟನೆಗಳಲ್ಲಿ ಒಂದು.

ಅಮೆರಿಕದ ಸಂಹಿತೆ 1966ರಲ್ಲಿ ಹೆಸರು ಬದಲಿಸಿಕೊಂಡು ಜೀವ ಸುರಕ್ಷತೆಯ ಸಂಹಿತೆಯಾಯಿತು. ಹೆಸರಿಗಿಂತ ಮಹತ್ವದ ಬದಲಾವಣೆ ಹಣದ ಕಡೆಯಿಂದ ಬಂತು. 1965ರಲ್ಲಿ ವೃದ್ಧರಿಗೂ ಬಡವರಿಗೂ ಸರ್ಕಾರವೇ ಚಿಕಿತ್ಸೆಯ ವೆಚ್ಚ ಕೊಡುವ ಮೆಡಿಕೇರ್, ಮೆಡಿಕೇಡ್ ಯೋಜನೆಗಳು ಶುರುವಾದವು. ಆ ಹಣ ಬೇಕಾದ ಆಸ್ಪತ್ರೆ, ಶುಶ್ರೂಷಾಲಯಗಳು ಜೀವ ಸುರಕ್ಷತೆಯ ಸಂಹಿತೆಯನ್ನು ಪಾಲಿಸಿ ತಪಾಸಣೆಗೆ ಒಳಪಡಬೇಕೆಂಬ ಷರತ್ತನ್ನು ಕೇಂದ್ರ ಸರ್ಕಾರ ಮುಂದಿನ ವರ್ಷಗಳಲ್ಲಿ ಹಾಕಿತು. ದಂಡ ಕಟ್ಟಿ ಮರೆಯಬಹುದಾಗಿದ್ದ ತಪ್ಪು ಆಸ್ಪತ್ರೆಯ ಆದಾಯವನ್ನೇ ನಿಲ್ಲಿಸಬಲ್ಲ ತಪ್ಪಾಯಿತು. ಆದರೂ ಹಳೆಯ ಕಟ್ಟಡಗಳಿಗೆ ಕೊಟ್ಟ ವಿನಾಯಿತಿ ದಶಕಗಟ್ಟಲೆ ಉಳಿಯಿತು. 2003ರಲ್ಲಿ ಹಾರ್ಟ್‌ಫರ್ಡ್ ಮತ್ತು ನ್ಯಾಶ್‌ವಿಲ್‌ನ ಎರಡು ಶುಶ್ರೂಷಾಲಯಗಳು ಏಳು ತಿಂಗಳ ಅಂತರದಲ್ಲಿ ಹೊತ್ತಿ ಉರಿದು ಮೂವತ್ತರಷ್ಟು ವೃದ್ಧರು ಸತ್ತರು. ಎರಡರಲ್ಲೂ ಸ್ಪ್ರಿಂಕ್ಲರ್ ಇರಲಿಲ್ಲ, ಹಳೆಯ ಕಟ್ಟಡಗಳಾದ್ದರಿಂದ ಅವುಗಳಿಗೆ ಅದು ಕಡ್ಡಾಯವೂ ಆಗಿರಲಿಲ್ಲ. 2008ರಲ್ಲಿ ಹೊರಬಿದ್ದ ಆದೇಶ ಸ್ಪ್ರಿಂಕ್ಲರ್ ಅಳವಡಿಸಲು ದೇಶದ ಎಲ್ಲ ಶುಶ್ರೂಷಾಲಯಗಳಿಗೆ 2013ರ ಆಗಸ್ಟ್ 13ರ ಗಡುವು ಕೊಟ್ಟಿತು.

ಭಾರತದಲ್ಲಿ ಈ ಕಥೆ ಬೇರೆಯಾಗಿ ಸಾಗಿತು. ಇಲ್ಲಿ ಅಗ್ನಿಶಾಮಕ ದಳಗಳು ಮೊದಲು ಬೆಳೆದದ್ದು ಬಂದರು ನಗರಗಳಲ್ಲಿ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಹಡಗು ಸ್ಫೋಟದಲ್ಲಿ 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣಬಿಟ್ಟರು; ಆ ದಿನದಿಂದ ಒಂದು ವಾರ ಇಂದಿಗೂ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಸ್ವಾತಂತ್ರ್ಯಾನಂತರ ಕೇಂದ್ರ ಗೃಹ ಸಚಿವಾಲಯ ಸ್ಥಾಯಿ ಅಗ್ನಿ ಸಲಹಾ ಸಮಿತಿಯನ್ನು ರಚಿಸಿತು, ಅಧಿಕಾರಿಗಳ ತರಬೇತಿಗೆ 1956ರಲ್ಲಿ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ತೆರೆಯಿತು, ಅದು ಮರುವರ್ಷ ನಾಗಪುರಕ್ಕೆ ಬಂತು. 1958ರಲ್ಲಿ ರಾಜ್ಯಗಳಿಗೆ ಮಾದರಿ ಮಸೂದೆಯನ್ನೂ ಕಳುಹಿಸಲಾಯಿತು. ಆಗಿನ ಮೈಸೂರು ರಾಜ್ಯ 1964ರಲ್ಲಿ ಅಗ್ನಿಶಾಮಕ ದಳಕ್ಕೆ ತನ್ನದೇ ಕಾಯ್ದೆ ಮಾಡಿಕೊಂಡಿತು. ಅದೇ ಇಂದಿನ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆ.

ಭಾರತೀಯ ಮಾನಕ ಸಂಸ್ಥೆ 1970ರಲ್ಲಿ ಹೊರತಂದ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗ ಬೆಂಕಿಗೆ ಮೀಸಲು. 1983, 2005 ಮತ್ತು 2016ರಲ್ಲಿ ಸಂಹಿತೆ ಪರಿಷ್ಕೃತವಾಯಿತು. ಅದರಲ್ಲಿ ಆಸ್ಪತ್ರೆಗಳು ‘ಸಿ’ ಗುಂಪಿಗೆ ಸೇರುತ್ತವೆ. ಅನಾಥಾಲಯ, ವೃದ್ಧಾಶ್ರಮ, ಜೈಲು, ಮಾನಸಿಕ ಚಿಕಿತ್ಸಾಲಯಗಳೂ ಅದೇ ಗುಂಪಿನಲ್ಲಿವೆ. ಮೊದಲ ನೋಟಕ್ಕೆ ವಿಚಿತ್ರವೆನಿಸುವ ಈ ವಿಂಗಡಣೆ ಬಹಳ ಯೋಚಿಸಿ ಮಾಡಿದ್ದು: ರೋಗದಿಂದಲೋ ವಯಸ್ಸಿನಿಂದಲೋ ಬೀಗದಿಂದಲೋ ತಾನಾಗಿ ಹೊರಗೆ ಬರಲಾಗದ ಎಲ್ಲರನ್ನೂ ಒಂದೇ ಕಡೆ ಸೇರಿಸಲಾಗಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಹುಲ್ಲು ಚಾವಣಿಯ ಖಾಸಗಿ ಮಾನಸಿಕ ಆಶ್ರಮಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿದ್ದ 28 ಜನ ಕಟ್ಟಿದ್ದಲ್ಲೇ ಸುಟ್ಟುಹೋದರು. ಸುಪ್ರೀಂ ಕೋರ್ಟ್ ಸ್ವಯಂಪ್ರೇರಣೆಯಿಂದ ವಿಚಾರಣೆ ಕೈಗೊಂಡಿತು. ಆ ಗುಂಪಿನ ಅರ್ಥ ಇಷ್ಟು ಕ್ರೂರವಾಗಿ ಬೇರೆಲ್ಲೂ ಕಂಡಿಲ್ಲ.

ಸಂಹಿತೆಯ ಅಳತೆಗಳು ಸಹ ಅದೇ ವಿಚಾರದಿಂದ ಹೊರಟಿವೆ. ಆಸ್ಪತ್ರೆಯ ಕಾರಿಡಾರ್ ಕನಿಷ್ಠ 2.4 ಮೀಟರ್ ಅಗಲವಿರಬೇಕು: ಎದುರುಬದುರಾಗಿ ಎರಡು ಮಂಚಗಳು ಹಾದುಹೋಗಲು ಬೇಕಾದ ಜಾಗ ಅಷ್ಟು. ಮೆಟ್ಟಿಲು 2 ಮೀಟರ್, ಸ್ಟ್ರೆಚರ್ ತಿರುಗಿಸಲು. ಅಗ್ನಿನಿರೋಧಕ ಕಟ್ಟಡದಲ್ಲೂ ಯಾವುದೇ ಹಾಸಿಗೆಯಿಂದ ನಿರ್ಗಮನದ ಬಾಗಿಲಿಗೆ 30 ಮೀಟರಿಗಿಂತ ಹೆಚ್ಚು ದೂರವಿರಬಾರದು. 15 ಮೀಟರ್ ಮೀರಿದ ಕಟ್ಟಡ ಬಹುಮಹಡಿಯೆನಿಸಿ ಇನ್ನಷ್ಟು ಕಟ್ಟುಪಾಡುಗಳಿಗೆ ಒಳಪಡುತ್ತದೆ. ಕಾರಿಡಾರಿನಲ್ಲಿ ಒಂದು ಸಾಲು ಹೆಚ್ಚುವರಿ ಮಂಚ, ಮೆಟ್ಟಿಲ ಕೆಳಗೆ ಹಳೆಯ ಕಡತಗಳ ಮೂಟೆ, ನಿರ್ಗಮನದ ಬಾಗಿಲಿಗೆ ಕಳ್ಳರ ಭಯದಿಂದ ಬೀಗ ಬಿದ್ದರೆ ಈ ಅಳತೆಗಳು ನಕ್ಷೆಯಲ್ಲಿ ಮಾತ್ರ ಉಳಿಯುತ್ತವೆ. ಭಾರತದ ಯಾವುದೇ ದೊಡ್ಡ ಆಸ್ಪತ್ರೆಯ ಒಳಗೆ ಓಡಾಡಿದವರು ಈ ಮೂರರಲ್ಲಿ ಒಂದನ್ನಾದರೂ ಕಂಡಿರುತ್ತಾರೆ.

ಇಲ್ಲಿಯ ದೊಡ್ಡ ಕೊರತೆ ಬೇರೆ ಕಡೆ ಇದೆ. ಕಟ್ಟಡ ಸಂಹಿತೆ ಸ್ವತಃ ಕಾನೂನಲ್ಲ, ಶಿಫಾರಸು. ರಾಜ್ಯದ ಕಾಯ್ದೆಯೋ ನಗರದ ಕಟ್ಟಡ ಉಪವಿಧಿಯೋ ಅದನ್ನು ಎತ್ತಿಕೊಂಡಾಗ ಮಾತ್ರ ಅದಕ್ಕೆ ಬಲ ಬರುತ್ತದೆ. ಸಂವಿಧಾನದ ಹನ್ನೆರಡನೆಯ ಅನುಸೂಚಿ ಅಗ್ನಿಶಾಮಕ ಸೇವೆಯನ್ನು ನಗರಾಡಳಿತಗಳ ಕೆಲಸಗಳ ಪಟ್ಟಿಯಲ್ಲಿ ಇಟ್ಟಿದೆ. ಹೀಗಾಗಿ ಯಾವ ಎತ್ತರದ ಆಸ್ಪತ್ರೆಗೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ಜನ ಎನ್‌ಒಸಿ ಎಂದು ಕರೆಯುವ ಆ ಕಾಗದ, ಬೇಕೆಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. ಬೆಂಗಳೂರಿನಲ್ಲಿ 2010ರ ಫೆಬ್ರವರಿ 23ರಂದು ಕಾರ್ಲ್‌ಟನ್ ಟವರ್ಸ್ ಕಚೇರಿ ಕಟ್ಟಡದ ವಿದ್ಯುತ್ ಕೊಳವೆಯಿಂದ ಎದ್ದ ಹೊಗೆಗೆ ಒಂಬತ್ತು ಜನ ಬಲಿಯಾದರು. ಅದು ಆಸ್ಪತ್ರೆಯಲ್ಲ. ಆದರೂ ಒಮ್ಮೆ ಎನ್‌ಒಸಿ ಪಡೆದ ಕಟ್ಟಡವನ್ನು ಆಮೇಲೆ ಯಾರು ನೋಡುತ್ತಾರೆ ಎಂಬ ಪ್ರಶ್ನೆ ಕರ್ನಾಟಕದಲ್ಲಿ ಗಟ್ಟಿಯಾಗಿ ಎದ್ದದ್ದು ಆ ಸಾವುಗಳ ನಂತರವೇ.

ಮರುವರ್ಷವೇ ಆ ಪ್ರಶ್ನೆಗೆ ಕೋಲ್ಕತ್ತಾದಲ್ಲಿ ಭೀಕರ ಉತ್ತರ ಸಿಕ್ಕಿತು. ಧಾಕುರಿಯಾದ ಎಎಂಆರ್‌ಐ ಆಸ್ಪತ್ರೆ ಆಗ ನಗರದ ಹೆಸರಾಂತ ಖಾಸಗಿ ಆಸ್ಪತ್ರೆಗಳಲ್ಲಿ ಒಂದಾಗಿತ್ತು. 2011ರ ಡಿಸೆಂಬರ್ 9ರ ನಸುಕಿನಲ್ಲಿ ಅದರ ಹೊಸ ಕಟ್ಟಡದ ನೆಲಮಾಳಿಗೆಯಿಂದ ಹೊಗೆ ಬರತೊಡಗಿತು. ನಕ್ಷೆಯ ಪ್ರಕಾರ ಅದು ಕಾರು ನಿಲ್ಲಿಸುವ ಜಾಗ. ಬಳಕೆಯಲ್ಲಿ ಉಗ್ರಾಣವಾಗಿತ್ತು, ಹತ್ತಿ, ಹಾಸಿಗೆ, ಸುಲಭಕ್ಕೆ ಹೊತ್ತುವ ಸಾಮಗ್ರಿ ಅಲ್ಲಿ ತುಂಬಿತ್ತು. ಉರಿ ಮೇಲಕ್ಕೆ ಹೋಗಲಿಲ್ಲ, ಹೊಗೆ ಹೋಯಿತು. ಹವಾನಿಯಂತ್ರಣದ ಕೊಳವೆಗಳು ಅದನ್ನು ಮಹಡಿ ಮಹಡಿಗೂ ಮುಟ್ಟಿಸಿದವು. ಕಟ್ಟಡದ ಮುಖವೆಲ್ಲ ಮುಚ್ಚಿದ ಗಾಜು, ತೆರೆಯುವ ಕಿಟಕಿಗಳಿಲ್ಲ. ಪಕ್ಕದ ಕೊಳೆಗೇರಿಯ ಹುಡುಗರು ಮೊದಲು ಹೊಗೆ ಕಂಡು ಓಡಿಬಂದರು. ಕಾವಲಿನವರು ತಮ್ಮನ್ನು ಹಿಂದಕ್ಕೆ ಕಳುಹಿಸಿದರೆಂದು ಅವರು ಆಮೇಲೆ ಹೇಳಿದರು. ಅಗ್ನಿಶಾಮಕ ವಾಹನಗಳು ಇಕ್ಕಟ್ಟಿನ ಬೀದಿಯಲ್ಲಿ ಹೊಂದಿಕೊಂಡು ಬಂದು, ಏಣಿಯೇರಿ ಗಾಜು ಒಡೆಯುವ ಹೊತ್ತಿಗೆ ಬಹಳ ತಡವಾಗಿತ್ತು. ಸುಮಾರು 90 ಜನ ಸತ್ತರು, ಬಹುತೇಕ ಎಲ್ಲರೂ ರೋಗಿಗಳು, ಬಹುತೇಕ ಎಲ್ಲರೂ ಉಸಿರು ಕಟ್ಟಿ. ಕೇರಳದಿಂದ ಬಂದಿದ್ದ ಇಬ್ಬರು ಎಳೆಯ ನರ್ಸುಗಳು ತಮ್ಮ ವಾರ್ಡಿನ ರೋಗಿಗಳನ್ನು ಒಬ್ಬೊಬ್ಬರಾಗಿ ಹೊರಗೆ ಸಾಗಿಸಿ, ಉಳಿದವರಿಗಾಗಿ ಮತ್ತೆ ಒಳಗೆ ಹೋಗಿ ತಿರುಗಿ ಬರಲಿಲ್ಲ.

ತಪಾಸಣೆಯ ಚರಿತ್ರೆಯಲ್ಲಿ ಈ ಘಟನೆಗಿರುವ ಜಾಗ ಸಾವಿನ ಸಂಖ್ಯೆಯಿಂದ ಬಂದದ್ದಲ್ಲ. ನೆಲಮಾಳಿಗೆಯನ್ನು ತೆರವು ಮಾಡಬೇಕೆಂದು ಅಗ್ನಿಶಾಮಕ ಇಲಾಖೆ ಅದೇ ವರ್ಷ, ಕೆಲವೇ ತಿಂಗಳ ಹಿಂದೆ ಹೇಳಿತ್ತು. ಆಸ್ಪತ್ರೆ ಒಪ್ಪಿ ಬರೆದುಕೊಟ್ಟಿತ್ತು. ನಿಯಮ ಇತ್ತು, ತಪಾಸಣೆ ನಡೆದಿತ್ತು, ತಪ್ಪೂ ಸರಿಯಾಗಿಯೇ ಕಣ್ಣಿಗೆ ಬಿದ್ದಿತ್ತು. ಬರೆದುಕೊಟ್ಟಂತೆ ಮಾಡಿದರೇ ಎಂದು ಮತ್ತೆ ಹೋಗಿ ನೋಡುವ ಎರಡನೆಯ ಭೇಟಿ ಒಂದು ನಡೆದಿರಲಿಲ್ಲ. ಎಫಿಂಗ್‌ಹ್ಯಾಮ್‌ನಲ್ಲಿ ನಿಯಮವೇ ಸಾಲದಾಗಿತ್ತು. ಧಾಕುರಿಯಾದಲ್ಲಿ ನಿಯಮಕ್ಕೆ ಯಾವ ಕೊರತೆಯೂ ಇರಲಿಲ್ಲ. ಆಸ್ಪತ್ರೆಯ ಪರವಾನಗಿ ರದ್ದಾಯಿತು, ನಿರ್ದೇಶಕರ ಬಂಧನವಾಯಿತು, ದೇಶದ ನಗರಗಳಲ್ಲೆಲ್ಲ ಕೆಲವು ವಾರ ನೆಲಮಾಳಿಗೆಗಳ ತಪಾಸಣೆ ಭರದಿಂದ ಸಾಗಿತು. ಆದರೂ 2016ರ ಅಕ್ಟೋಬರ್ 17ರಂದು ಭುವನೇಶ್ವರದ ಖಾಸಗಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೊಂದರ ಡಯಾಲಿಸಿಸ್ ವಾರ್ಡಿನ ಕಡೆಯಿಂದ ಎದ್ದ ಬೆಂಕಿ 20ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು.

ಕೋವಿಡ್ ಬಂದಾಗ ಬೆಂಕಿಯ ಸ್ವಭಾವವೇ ಬದಲಾಯಿತು. ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟಿರುತ್ತದೆ. ರೋಗಿಯ ಮೂಗಿಗೆ ನಿಮಿಷಕ್ಕೆ ಹತ್ತಾರು ಲೀಟರ್ ಆಮ್ಲಜನಕ ಹರಿಸುವ ಯಂತ್ರಗಳು ಮುಚ್ಚಿದ ಐಸಿಯುಗಳಲ್ಲಿ ಸಾಲುಸಾಲಾಗಿ ಕೂತವು. ಹೊರಗೆ ಸೋರಿದ ಆಮ್ಲಜನಕ ಹಾಸಿಗೆ, ಪರದೆ, ಕೂದಲುಗಳಲ್ಲಿ ನೆನೆದು ನಿಂತಿತು. ಆಮ್ಲಜನಕ ಆ ಪ್ರಮಾಣ ಮೀರಿದ ಗಾಳಿಯಲ್ಲಿ ಸಣ್ಣ ಕಿಡಿ ಸಹ ಉರಿಯಾಗಿ ಏಳುತ್ತದೆ, ನಿಧಾನವಾಗಿ ಸುಡುವ ವಸ್ತು ಭಗ್ಗನೆ ಹೊತ್ತುತ್ತದೆ. ಮೊದಲೇ ದುರ್ಬಲವಾಗಿದ್ದ ವೈರಿಂಗಿನ ಮೇಲೆ ಹಗಲಿರುಳು ಓಡುವ ವೆಂಟಿಲೇಟರ್, ಹವಾನಿಯಂತ್ರಕಗಳ ಹೊರೆ ಬಿತ್ತು. 2020ರ ಆಗಸ್ಟ್ 6ರಂದು ಅಹಮದಾಬಾದಿನ ಶ್ರೇಯ್ ಆಸ್ಪತ್ರೆಯಲ್ಲಿ ಎಂಟು ಜನ, ಮೂರು ದಿನಗಳ ನಂತರ ವಿಜಯವಾಡದಲ್ಲಿ ಕೋವಿಡ್ ಕೇಂದ್ರವಾಗಿದ್ದ ಹೋಟೆಲಿನಲ್ಲಿ ಹತ್ತು ಜನ, ನವೆಂಬರ್ 27ರಂದು ರಾಜಕೋಟೆಯಲ್ಲಿ ಐವರು ಸತ್ತರು. 2021ರ ಏಪ್ರಿಲ್ 23ರಂದು ಮುಂಬಯಿ ಹತ್ತಿರದ ವಿರಾರಿನಲ್ಲಿ ಐಸಿಯುಗೆ ಬೆಂಕಿ ಬಿತ್ತು. ವಾರದ ನಂತರ ಭರೂಚಿನಲ್ಲಿ 16 ರೋಗಿಗಳೂ ಇಬ್ಬರು ನರ್ಸಿಂಗ್ ಸಿಬ್ಬಂದಿಯೂ ಸತ್ತರು. ನವೆಂಬರಿನಲ್ಲಿ ಅಹಮದ್‌ನಗರದ ಜಿಲ್ಲಾಸ್ಪತ್ರೆಯ ಕೋವಿಡ್ ಐಸಿಯು ಸುಟ್ಟು 11 ಜನ.

ರಾಜಕೋಟೆಯ ಘಟನೆಯ ಬೆನ್ನಲ್ಲೇ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 18ರಂದು ಕೊಟ್ಟ ಆದೇಶ ಈ ಕ್ಷೇತ್ರದಲ್ಲಿ ಮಹತ್ವದ್ದು. ಪ್ರತಿ ಕೋವಿಡ್ ಆಸ್ಪತ್ರೆಗೂ ಅಗ್ನಿ ಸುರಕ್ಷತೆಗೆ ಹೊಣೆಯಾಗುವ ಒಬ್ಬ ಅಧಿಕಾರಿ ಇರಬೇಕು. ಪ್ರತಿ ಜಿಲ್ಲೆಯಲ್ಲೂ ಸಮಿತಿಯೊಂದು ತಿಂಗಳಿಗೊಮ್ಮೆಯಾದರೂ ಆಸ್ಪತ್ರೆಗಳ ಅಗ್ನಿ ಲೆಕ್ಕಪರಿಶೋಧನೆ ಮಾಡಬೇಕು. ಎನ್‌ಒಸಿ ಅವಧಿ ಮುಗಿದವರು ನಾಲ್ಕು ವಾರದಲ್ಲಿ ನವೀಕರಿಸಿಕೊಳ್ಳಬೇಕು. ‘ತಿಂಗಳಿಗೊಮ್ಮೆ’ ಎಂಬ ಮಾತಿನಲ್ಲಿ ಧಾಕುರಿಯಾದಲ್ಲಿ ನಡೆಯದೆ ಹೋದ ಆ ಎರಡನೆಯ ಭೇಟಿ ಇದೆ. ಗುಜರಾತ್ ಸರ್ಕಾರ 2021ರ ಜುಲೈಯಲ್ಲಿ ಕಟ್ಟಡ ನಿಯಮ ಪಾಲನೆಯ ಗಡುವನ್ನು ಮುಂದೂಡಿ ಅಧಿಸೂಚನೆ ಹೊರಡಿಸಿದಾಗ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಕಟುವಾಗಿ ಆಕ್ಷೇಪಿಸಿ, ಅದನ್ನು ತಡೆಹಿಡಿಯಿತು.

ಕೋವಿಡ್ ವಾರ್ಡುಗಳ ಹೊರಗೆ ಬೇರೊಂದು ಜಾಗ ಅಷ್ಟೇ ಅಪಾಯಕಾರಿಯಾಗಿ ಬೆಳೆದಿತ್ತು, ನವಜಾತ ಶಿಶುಗಳ ನಿಗಾ ಘಟಕ. ಕಳೆದ ಎರಡು ದಶಕಗಳಲ್ಲಿ ಜಿಲ್ಲಾಸ್ಪತ್ರೆಗಳಲ್ಲಿ ತೆರೆದ ಈ ಘಟಕಗಳು ಲೆಕ್ಕವಿಲ್ಲದಷ್ಟು ಕೂಸುಗಳನ್ನು ಉಳಿಸಿವೆ. ಆದರೆ ಹಲವೆಡೆ ಅವು ಬಂದದ್ದು ಫ್ಯಾನು, ಟ್ಯೂಬ್‌ಲೈಟಿಗೆಂದು ವೈರಿಂಗ್ ಮಾಡಿದ್ದ ಹಳೆಯ ಕೋಣೆಗಳಿಗೆ. ಅಲ್ಲಿ ಈಗ ಹಗಲಿರುಳು ಕಾಯುವ ವಾರ್ಮರುಗಳು, ಕಾಮಾಲೆಗೆ ನೀಲಿ ಬೆಳಕಿನ ಯಂತ್ರಗಳು, ಆಮ್ಲಜನಕ ಕಾನ್ಸಂಟ್ರೇಟರುಗಳು ಓಡುತ್ತವೆ. ಕಿಟಕಿ ಮುಚ್ಚಿರುತ್ತದೆ, ಸೋಂಕಿನ ಭಯಕ್ಕೆ ಬಾಗಿಲು ಒಂದೇ ಇರುತ್ತದೆ. 2021ರ ಜನವರಿ 9ರ ನಸುಕಿನಲ್ಲಿ ಮಹಾರಾಷ್ಟ್ರದ ಭಂಡಾರಾ ಜಿಲ್ಲಾಸ್ಪತ್ರೆಯ ಘಟಕದಲ್ಲಿದ್ದ 17 ಶಿಶುಗಳಲ್ಲಿ 10 ಸತ್ತವು. 2024ರ ಮೇ 25ರಂದು ದೆಹಲಿಯ ವಿವೇಕ ವಿಹಾರದ ಖಾಸಗಿ ಶಿಶು ಆಸ್ಪತ್ರೆಯೊಂದರಲ್ಲಿ ಏಳು ಶಿಶುಗಳು ಸತ್ತವು. ಅದರ ಪರವಾನಗಿ ಅವಧಿ ಮುಗಿದಿತ್ತು, ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಇರಲಿಲ್ಲ. ದೆಹಲಿಯ 2010ರ ನಿಯಮಗಳು ಆಸ್ಪತ್ರೆಯಂಥ ಕಟ್ಟಡ 9 ಮೀಟರ್ ಎತ್ತರ ಮೀರಿದರೆ ಮಾತ್ರ ಎನ್‌ಒಸಿ ಕೇಳುತ್ತವೆ. ವಸತಿ ಬೀದಿಯ ಸಣ್ಣ ಕಟ್ಟಡಗಳಲ್ಲಿ ನಡೆಯುವ ನರ್ಸಿಂಗ್ ಹೋಮುಗಳು ಈ ಗೆರೆಯ ಕೆಳಗೆ ಸುಲಭವಾಗಿ ನುಸುಳುತ್ತವೆ. ಎದ್ದು ನಡೆಯಲಾಗದ ಕೂಸಿಗೆ ಎರಡನೆಯ ಮಹಡಿಯಾದರೂ ಹತ್ತನೆಯದಾದರೂ ಒಂದೇ. ಎತ್ತರವನ್ನು ಅಳತೆಗೋಲಾಗಿ ಹಿಡಿದ ನಿಯಮ ಆಸ್ಪತ್ರೆಯನ್ನು ಕಚೇರಿಯಂತೆ ನೋಡುವ ಹಳೆಯ ತಪ್ಪನ್ನೇ ಮುಂದುವರಿಸಿದೆ. ಅದೇ ವರ್ಷದ ನವೆಂಬರ್ 15ರ ರಾತ್ರಿ ಝಾನ್ಸಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಘಟಕದಲ್ಲಿ ಕಿಟಕಿ ಒಡೆದು ಶಿಶುಗಳನ್ನು ಹೊರತಂದರೂ ಹತ್ತು ಕೂಸುಗಳನ್ನು ಉಳಿಸಲಾಗಲಿಲ್ಲ.

ಇವುಗಳ ನಂತರದ ತನಿಖೆಗಳು, ಸುತ್ತೋಲೆಗಳು ಹೆಚ್ಚುಹೆಚ್ಚಾಗಿ ವಿದ್ಯುತ್ತಿನ ಕಡೆ ಬೆರಳು ತೋರಿಸುತ್ತಿವೆ. ಬೆಂಕಿ ನಂದಿಸುವ ಸಿಲಿಂಡರಿನ ಮೇಲಿನ ದಿನಾಂಕ ನೋಡಿ ಮುಗಿಸುತ್ತಿದ್ದ ತಪಾಸಣೆಗೆ ಈಗ ಮಂಜೂರಾದ ವಿದ್ಯುತ್ ಹೊರೆ ಎಷ್ಟು, ನಿಜಕ್ಕೂ ಎಳೆಯುತ್ತಿರುವುದೆಷ್ಟು, ಒಂದೇ ಪ್ಲಗ್ಗಿಗೆ ಎಷ್ಟು ಯಂತ್ರಗಳು ಜೋತುಬಿದ್ದಿವೆ, ಐಸಿಯುವಿನ ಗಾಳಿ ಗಂಟೆಗೆ ಎಷ್ಟು ಬಾರಿ ಬದಲಾಗುತ್ತದೆ ಎಂಬುದನ್ನೂ ನೋಡಬೇಕಾಗಿದೆ. ಆದರೆ ನೋಡುವವರು ಹಂಚಿಹೋಗಿದ್ದಾರೆ. ಕರ್ನಾಟಕದ ಒಂದು ಖಾಸಗಿ ಆಸ್ಪತ್ರೆಗೆ ಅಗ್ನಿಶಾಮಕ ಇಲಾಖೆ ಒಂದು ಕಡೆಯಿಂದ, ವಿದ್ಯುತ್ ಪರಿವೀಕ್ಷಣಾಲಯ ಇನ್ನೊಂದು ಕಡೆಯಿಂದ, ಕಟ್ಟಡದ ನಕ್ಷೆಗೆ ನಗರಾಡಳಿತ, ದೊಡ್ಡ ಆಮ್ಲಜನಕ ಟ್ಯಾಂಕಿಗೆ ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆ ಸಂಬಂಧಪಡುತ್ತವೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ನೋಂದಣಿ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ. ಪ್ರತಿಯೊಬ್ಬರ ಕಡತದಲ್ಲೂ ಅವರವರ ಕಾಗದ ಸರಿಯಾಗಿರುತ್ತದೆ. ಹೆಚ್ಚುವರಿ ಹೊರೆಯಿರುವ ವೈರು, ಆಮ್ಲಜನಕ ತುಂಬಿದ ಗಾಳಿ, ಬೀಗ ಹಾಕಿದ ಬಾಗಿಲು, ಈ ಮೂರನ್ನೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಕಾಣುವ ಕಣ್ಣು ಯಾರದೂ ಅಲ್ಲ.

ಹಣದ ಒತ್ತಡ ಭಾರತದಲ್ಲಿ ಅರೆಬರೆಯಾಗಿ ಬಂದಿದೆ. ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯ ಮಾನದಂಡಗಳಲ್ಲಿ ಅಗ್ನಿ ಸುರಕ್ಷತೆ, ಅಣಕು ಕಾರ್ಯಾಚರಣೆಗಳಿಗೆ ಜಾಗವಿದೆ. ಆ ಮಾನ್ಯತೆ ಪಡೆದ ಆಸ್ಪತ್ರೆಗೆ ಕೇಂದ್ರ ನೌಕರರ ಆರೋಗ್ಯ ಯೋಜನೆಯಲ್ಲಿ ಹೆಚ್ಚಿನ ದರ ಸಿಗುತ್ತದೆ. ಮಾನ್ಯತೆ ಐಚ್ಛಿಕವಾದ್ದರಿಂದ ಅದನ್ನು ಪಡೆಯದ ಆಸ್ಪತ್ರೆಯ ಬಾಗಿಲು ಮುಚ್ಚುವುದಿಲ್ಲ. ಸರ್ಕಾರಿ ಆಸ್ಪತ್ರೆಗಳ ಸಂಗತಿ ಇನ್ನೂ ಬಿಡಿಸಬೇಕಾದದ್ದು. ಭಂಡಾರಾ, ಅಹಮದ್‌ನಗರ, ಝಾನ್ಸಿ ಮೂರೂ ಸರ್ಕಾರದವು. ಅಲ್ಲಿ ತಪಾಸಣೆ ಮಾಡುವ ಇಲಾಖೆಗೂ ತಪಾಸಣೆಗೆ ಒಳಗಾಗುವ ಇಲಾಖೆಗೂ ಯಜಮಾನ ಒಂದೇ ಸರ್ಕಾರ. ಪರವಾನಗಿ ರದ್ದು ಮಾಡುವ, ಬೀಗ ಜಡಿಯುವ ಬೆದರಿಕೆ ಜಿಲ್ಲೆಯ ಬಡವರಿಗೆ ಇರುವ ಒಂದೇ ಆಸ್ಪತ್ರೆಯ ಮೇಲೆ ನಡೆಯುವುದಿಲ್ಲ. ಅಲ್ಲಿ ಉಳಿಯುವ ದಾರಿ ತಪ್ಪು ಕಂಡ ತಿಂಗಳಿನಲ್ಲೇ ವೈರಿಂಗ್ ಬದಲಿಸಲು, ಎರಡನೆಯ ಬಾಗಿಲು ತೆರೆಯಲು, ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸನ್ನು ಹಾಕಲು ಬೇಕಾದ ಹಣವನ್ನು ಬಜೆಟ್ಟಿನಲ್ಲಿ ತೆಗೆದಿಡುವುದು. ಕೇಂದ್ರ 2019ರಲ್ಲಿ ರಾಜ್ಯಗಳಿಗೆ ಕಳುಹಿಸಿದ ಹೊಸ ಮಾದರಿ ಅಗ್ನಿಶಾಮಕ ಮಸೂದೆಯನ್ನು ಒಪ್ಪುವುದೂ ಬಿಡುವುದೂ, 1958ರ ಮಸೂದೆಯಂತೆಯೇ, ಆಯಾ ರಾಜ್ಯಗಳಿಗೆ ಬಿಟ್ಟದ್ದಾಗಿದೆ.